ರಕ್ತನಾಳದಿಂದಲೇ ಆಹಾರ ಕೊಟ್ಟರೆ ಕರುಳು ಸೊರಗುತ್ತದೆಯೇ?

ಪ್ರಶ್ನೆ: ಹೊಟ್ಟೆಯ ಆಪರೇಷನ್ ಆದ ಮೇಲೆ ನಮ್ಮ ತಂದೆಯವರಿಗೆ ಹತ್ತು ದಿನದಿಂದ ಬಾಯಿಗೆ ಏನೂ ಕೊಡುತ್ತಿಲ್ಲ. ಕುತ್ತಿಗೆಯ ಬಳಿ ಹಾಕಿರುವ ನಳಿಕೆಯಿಂದ ಬಿಳಿ ದ್ರವ ಹೋಗುತ್ತಿದೆ. ಇಷ್ಟು ದಿನ ಖಾಲಿ ಇದ್ದರೆ ಕರುಳು ಕೆಟ್ಟುಹೋಗುವುದಿಲ್ಲವೇ? ಮುಂದೆ ಊಟ ಅರಗುತ್ತದೆಯೇ?

ಉತ್ತರ: ಕೆಡುವುದಿಲ್ಲ, ಸ್ವಲ್ಪ ಸೊರಗುತ್ತದೆ. ಊಟ ಶುರುವಾದ ಮೇಲೆ ಬಹುಪಾಲು ಚೇತರಿಸಿಕೊಳ್ಳುತ್ತದೆ.

ಆ ಬಿಳಿ ಚೀಲ ಮಾಮೂಲಿ ಗ್ಲೂಕೋಸ್ ಡ್ರಿಪ್ ಅಲ್ಲ. ಶೇ 5ರ ಗ್ಲೂಕೋಸ್ ಒಂದು ಲೀಟರ್ ಏರಿಸಿದರೂ ದೇಹಕ್ಕೆ ಸಿಗುವುದು 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿಗೂ ಕಡಿಮೆ. ಟಿಪಿಎನ್ (ಪೂರ್ತಿ ಪೋಷಣೆಯನ್ನು ರಕ್ತನಾಳದಿಂದಲೇ ಕೊಡುವುದು) ಎಂದು ಕರೆಯುವ ಈ ಚೀಲದಲ್ಲಿ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು, ಲವಣ, ವಿಟಮಿನ್ ಎಲ್ಲವೂ ಇರುತ್ತವೆ. ಬಿಳಿ ಬಣ್ಣ ಕೊಬ್ಬಿನದು. ದ್ರಾವಣ ಬಹಳ ಗಾಢವಾದ್ದರಿಂದ ಕೈಯ ಸಣ್ಣ ನಾಳ ಉರಿದು ಊದಿಕೊಳ್ಳುತ್ತದೆ. ಅದಕ್ಕೇ ಕುತ್ತಿಗೆಯ ಬಳಿಯ ದೊಡ್ಡ ನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಆ ನಳಿಕೆ ಹಾಕುವುದು.

ದೇಹಕ್ಕೆ ಆಹಾರ ಸಿಕ್ಕರೂ ಕರುಳು ಏಕೆ ಸೊರಗಬೇಕು? ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ವಿಲ್ಲೈಗಳಿವೆ. ಒಂದೊಂದರ ಎತ್ತರ ಅರ್ಧದಿಂದ ಒಂದು ಮಿಲಿಮೀಟರ್. ಬುಡದ ಕುಳಿಯಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಹೋಗಿ ಮೂರರಿಂದ ಐದು ದಿನದಲ್ಲಿ ತುದಿಯಿಂದ ಉದುರುತ್ತದೆ. ಇಷ್ಟು ಬೇಗ ಹಳೆಯದು ಉದುರುವ ಜಾಗದಲ್ಲಿ ಹೊಸದು ಹುಟ್ಟುವುದು ನಿಧಾನವಾದರೆ ವಿಲ್ಲೈ ಗಿಡ್ಡವಾಗುತ್ತದೆ. ಹುಟ್ಟಿಗೆ ಪ್ರಚೋದನೆ ಕೊಡುವುದು ಕರುಳಿನೊಳಗೆ ಹಾದುಹೋಗುವ ಆಹಾರ. ಅದು ತಾಗಿದಾಗ ಜಿಎಲ್‌ಪಿ-2 ಮುಂತಾದ ಹಾರ್ಮೋನುಗಳು ಬಿಡುಗಡೆಯಾಗುತ್ತವೆ. ಜೊತೆಗೆ ಈ ಕೋಶಗಳು ಎದುರಿಗೆ ಬಂದ ಆಹಾರದಿಂದಲೇ ತಮ್ಮ ಪಾಲನ್ನೂ ತೆಗೆದುಕೊಳ್ಳುತ್ತವೆ. ದೊಡ್ಡ ಕರುಳಿನ ಕೋಶಗಳಂತೂ ನಾರಿನಂಶವನ್ನು ಬ್ಯಾಕ್ಟೀರಿಯಾ ಹುಳಿಸಿದಾಗ ಸಿಗುವ ಬ್ಯುಟಿರೇಟ್ ಅನ್ನೇ ಮುಖ್ಯವಾಗಿ ನಂಬಿಕೊಂಡಿವೆ. ರಕ್ತದಿಂದ ಬರುವ ಪೋಷಣೆ ಇದನ್ನೆಲ್ಲ ಪೂರ್ತಿ ತುಂಬಿಕೊಡಲಾರದು. ಆಹಾರ ಬಾರದಿದ್ದರೆ ಪಿತ್ತಕೋಶವೂ ಹಿಂಡಿಕೊಳ್ಳುವುದಿಲ್ಲ. ಪಿತ್ತ ನಿಂತು ಮಡ್ಡಿಗಟ್ಟುತ್ತದೆ.

ಎಷ್ಟರಮಟ್ಟಿಗೆ ಸೊರಗುತ್ತದೆ ಎಂಬಲ್ಲಿ ಜನ ಸುಮ್ಮನೆ ಹೆದರುವುದು ಹೆಚ್ಚು. ಇಲಿಗಳಲ್ಲಿ ಒಂದೇ ವಾರದಲ್ಲಿ ಒಳಪದರ ಗಮನಾರ್ಹವಾಗಿ ತೆಳುವಾಗುತ್ತದೆ. ಮನುಷ್ಯರಲ್ಲಿ ಹಾಗಲ್ಲ: ಆರೋಗ್ಯವಂತರಿಗೆ ಎರಡು ವಾರ ಹೀಗೆ ಆಹಾರ ಕೊಟ್ಟು ನೋಡಿದಾಗ ದಪ್ಪ ಕುಗ್ಗಿದ್ದು ಅಲ್ಪ, ಗೋಡೆಯ ಸೋರಿಕೆ ತುಸು ಹೆಚ್ಚಿತ್ತು. ತೀವ್ರ ಸೋಂಕು ಅಥವಾ ಕೀಮೋಥೆರಪಿ ಜೊತೆಗಿದ್ದರೆ ಹಾನಿ ಹೆಚ್ಚು. ಸೋರುವ ಗೋಡೆಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗೀತು ಎಂಬ ಭಯ ಸಹಜ. ಆದರೆ ಟಿಪಿಎನ್ ರೋಗಿಗಳಲ್ಲಿ ಸೋಂಕು ಬಂದರೆ ಮೊದಲು ಅನುಮಾನಿಸಬೇಕಾದ್ದು ಕರುಳನ್ನಲ್ಲ, ಸೆಂಟ್ರಲ್ ಲೈನನ್ನು. ಚಳಿ-ನಡುಕದ ಜ್ವರ ಬಂದರೆ ತಕ್ಷಣ ಸಿಬ್ಬಂದಿಗೆ ಹೇಳಿ.

ತಡೆಯುವ ಉಪಾಯ ಸರಳ. ಕರುಳಿಗೆ ತಡೆ, ತೂತು, ರಕ್ತಪೂರೈಕೆಯ ಕೊರತೆ ಇಲ್ಲದಿದ್ದರೆ ಮೂಗಿನ ನಳಿಕೆಯಿಂದ ಗಂಟೆಗೆ 10ರಿಂದ 20 ಮಿಲಿಲೀಟರ್ ದ್ರವಾಹಾರ ಬಿಡುತ್ತಾರೆ. ಗಂಟೆಗೆ ಎರಡು-ನಾಲ್ಕು ಚಮಚದಷ್ಟು, ಅಷ್ಟೇ. ಹೊಟ್ಟೆ ತುಂಬಿಸಲು ಅಲ್ಲ, ಒಳಪದರವನ್ನು ಎಚ್ಚರವಾಗಿಡಲು. "ಸ್ವಲ್ಪ ಟ್ಯೂಬ್ ಫೀಡ್ ಶುರುಮಾಡಬಹುದೇ, ಇಲ್ಲವಾದರೆ ಅಡ್ಡಿ ಏನು?" ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ.

ಮತ್ತೆ ಊಟ ಶುರುವಾದಾಗ ಕೆಲದಿನ ಭೇದಿ, ಹೊಟ್ಟೆಯುಬ್ಬರ ಆಗಬಹುದು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ವಿಲ್ಲೈಗಳ ಮೇಲ್ಭಾಗದಲ್ಲಿ. ಅವು ಗಿಡ್ಡವಾಗಿದ್ದರೆ ಹಾಲು ಅರಗದು. ಹಾಗಾಗಿ ಹಾಲನ್ನು ತಡವಾಗಿ, ಸ್ವಲ್ಪಸ್ವಲ್ಪವೇ ಸೇರಿಸುವುದು ಒಳ್ಳೆಯದು. ಬೇಕಾದ ಕ್ಯಾಲೊರಿಯ ಅರ್ಧಕ್ಕಿಂತ ಹೆಚ್ಚು ಕರುಳಿನಿಂದ ಒಗ್ಗಿದ ಮೇಲೆಯೇ ಸಾಮಾನ್ಯವಾಗಿ ಚೀಲ ನಿಲ್ಲಿಸುತ್ತಾರೆ, ಅದೂ ವೇಗ ತಗ್ಗಿಸುತ್ತಾ. ಒಮ್ಮೆಲೇ ನಿಲ್ಲಿಸಿದರೆ ರಕ್ತದ ಸಕ್ಕರೆ ಇಳಿಯುವ ಅಪಾಯವಿದೆ. ಪ್ರೀತಿಯಿಂದ ಒಂದು ಚಮಚ ಗಂಜಿಯನ್ನೂ ವೈದ್ಯರನ್ನು ಕೇಳದೆ ಬಾಯಿಗಿಡಬೇಡಿ. ಹೊಲಿಗೆ ಹಾಕಿ ಜೋಡಿಸಿದ ಕರುಳು ಇನ್ನೂ ಕೂಡಿಲ್ಲದಿರಬಹುದು.