ಫೋರ್ಕ್ ಎಡಗೈಯಲ್ಲೇ ಇರಬೇಕೇ?

ಓದುಗರ ಪ್ರಶ್ನೆ: ಕಚೇರಿಯ ಔತಣಕೂಟಗಳಲ್ಲಿ ಫೋರ್ಕನ್ನು ಎಡಗೈಯಲ್ಲೂ ಚಾಕುವನ್ನು ಬಲಗೈಯಲ್ಲೂ ಹಿಡಿಯಬೇಕು ಎಂದು ಹೇಳುತ್ತಾರೆ. ಎಡಗೈಯಿಂದ ತುತ್ತು ಬಾಯಿಗಿಡಬಾರದು ಎಂದು ಮನೆಯಲ್ಲಿ ಕಲಿತು ಬೆಳೆದ ನನಗೆ ಇದರಿಂದ ತುಂಬ ಮುಜುಗರವಾಗುತ್ತದೆ. ಫೋರ್ಕನ್ನು ಬಲಗೈಯಲ್ಲಿ ಹಿಡಿದು ತಿಂದರೆ ಅಸಭ್ಯವೇ? ಕಂಪಿಸುವ ಫೋರ್ಕ್, ಉಪ್ಪಿನ ರುಚಿ ಹೆಚ್ಚಿಸುವ ವಿದ್ಯುತ್ ಚಮಚ ಎಂದೆಲ್ಲ ಸುದ್ದಿ ಬರುತ್ತಿರುವ ಈ ಕಾಲದಲ್ಲೂ ಇಂಥ ನಿಯಮಗಳಿಗೆ ಅರ್ಥವಿದೆಯೇ?

ಉತ್ತರ: ಅಸಭ್ಯವಲ್ಲ. ಫೋರ್ಕ್ ಯಾವ ಕೈಯಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಚಾಕು. ತಟ್ಟೆಯಲ್ಲಿರುವುದನ್ನು ಕತ್ತರಿಸಬೇಕಾಗಿದ್ದರೆ ಹಿಡಿತ ಚೆನ್ನಾಗಿರುವ ಕೈಗೆ ಚಾಕು ಬರುತ್ತದೆ. ತಿನಿಸು ಜಾರದಂತೆ ಒತ್ತಿಹಿಡಿಯುವ ಕೆಲಸ ಇನ್ನೊಂದು ಕೈಯ ಫೋರ್ಕಿನ ಪಾಲಿಗೆ ಬರುತ್ತದೆ. ಬಹುತೇಕರಿಗೆ ಬಲಗೈಯೇ ಬಲವಾದ ಕೈಯಾದ್ದರಿಂದ ಫೋರ್ಕ್ ಎಡಕ್ಕೆ ಸರಿಯಿತು, ಅಷ್ಟೆ. ಕತ್ತರಿಸುವ ಅಗತ್ಯವೇ ಇಲ್ಲದ ಅನ್ನ, ಪಾಸ್ತಾ, ನೂಡಲ್ಸ್, ಮೆತ್ತನೆಯ ಕೇಕ್ ಮುಂತಾದವನ್ನು ತಿನ್ನುವಾಗ ಯುರೋಪಿನವರೂ ಸಾಮಾನ್ಯವಾಗಿ ಫೋರ್ಕನ್ನು ಬಲಗೈಯಲ್ಲೇ ಹಿಡಿಯುತ್ತಾರೆ. ನಮ್ಮ ಕಡೆ ಮದುವೆಯ ಬಫೆಯಲ್ಲಿ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ನಿಂತು ಬಲಗೈಯ ಫೋರ್ಕಿನಿಂದ ತಿನ್ನುವವರು ಯಾವ ನಿಯಮವನ್ನೂ ಮುರಿಯುತ್ತಿಲ್ಲ.

ಚಾಕು ಬಳಸಲೇಬೇಕಾದ ಊಟದಲ್ಲಿಯೂ ಒಪ್ಪಿತವಾದ ಪದ್ಧತಿಗಳು ಎರಡಿವೆ. ಯುರೋಪಿನ ಪದ್ಧತಿಯಲ್ಲಿ ಆ ಬಡಿಸಿದ್ದು ಮುಗಿಯುವವರೆಗೂ ಫೋರ್ಕ್ ಎಡಗೈಯಲ್ಲಿ, ಚಾಕು ಬಲಗೈಯಲ್ಲಿ ಇರುತ್ತವೆ. ಫೋರ್ಕಿನ ಮುಳ್ಳುಗಳು ಕೆಳಮುಖವಾಗಿರುತ್ತವೆ, ತೋರುಬೆರಳು ಅದರ ಬೆನ್ನಿನ ಮೇಲಿರುತ್ತದೆ, ಕತ್ತರಿಸಿದ ತುಂಡನ್ನು ಅದೇ ಎಡಗೈಯಿಂದ ಬಾಯಿಗೆ ಒಯ್ಯುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಕತ್ತರಿಸುವಷ್ಟು ಹೊತ್ತು ಮಾತ್ರ ಫೋರ್ಕ್ ಎಡಗೈಯಲ್ಲಿರುತ್ತದೆ. ಒಂದೆರಡು ತುಂಡು ಕತ್ತರಿಸಿದ ಮೇಲೆ ಚಾಕುವನ್ನು ತಟ್ಟೆಯ ಮೇಲಂಚಿನಲ್ಲಿಟ್ಟು, ಫೋರ್ಕನ್ನು ಬಲಗೈಗೆ ದಾಟಿಸಿ, ಮುಳ್ಳುಗಳನ್ನು ಮೇಲ್ಮುಖ ಮಾಡಿಕೊಂಡು ತಿನ್ನುತ್ತಾರೆ. ಹೀಗೆ ಕೈಯಿಂದ ಕೈಗೆ ಓಡಾಡುವ ಈ ಕ್ರಮವನ್ನು ಅಮೆರಿಕದ ಶಿಷ್ಟಾಚಾರ ಲೇಖಕಿ ಎಮಿಲಿ ಪೋಸ್ಟ್ ‘ಜಿಗ್‌ಜಾಗ್’ ಎಂದು ಕರೆದು ಮೆಚ್ಚದಿದ್ದರೂ ಅಲ್ಲಿ ಅದು ಇಂದಿಗೂ ಸಾಮಾನ್ಯ. ಎಡಗೈಯಿಂದ ತುತ್ತು ಎತ್ತಲು ಮನಸ್ಸೊಪ್ಪದ ಕನ್ನಡಿಗರಿಗೆ ನಾನು ಸೂಚಿಸುವುದು ಇದೇ ಪದ್ಧತಿಯನ್ನು. ಕತ್ತರಿಸುವುದು ಎರಡೂ ಕೈಯ ಕೆಲಸ, ತಿನ್ನುವುದು ಬಲಗೈಯ ಕೆಲಸ. ಮನೆಯಲ್ಲಿ ಕಲಿತದ್ದಕ್ಕೂ ಅಡ್ಡಿಯಿಲ್ಲ, ಔತಣದ ಮೇಜಿಗೂ ಕುಂದಿಲ್ಲ.

ಫೋರ್ಕ್ ಹೇಗೆ ಊಟದ ಮೇಜಿಗೆ ಬಂತು ಎಂಬುದನ್ನು ತಿಳಿದರೆ ಈ ಮುಜುಗರ ಇನ್ನಷ್ಟು ಕಡಿಮೆಯಾಗುತ್ತದೆ. ಯುರೋಪಿನಲ್ಲಿ ಬಹುಕಾಲ ಊಟ ನಡೆದದ್ದು ಚಾಕು, ಚಮಚ ಮತ್ತು ಬೆರಳುಗಳಿಂದ. ಬೈಜಾಂಟಿಯಂನಿಂದ (ಇಂದಿನ ಇಸ್ತಾಂಬುಲ್) ವೆನಿಸ್ಸಿಗೆ ಮದುವೆಯಾಗಿ ಬಂದ ರಾಜಮನೆತನದ ಹೆಣ್ಣುಮಗಳೊಬ್ಬಳು ಚಿನ್ನದ ಪುಟ್ಟ ಫೋರ್ಕಿನಿಂದ ತಿನ್ನುತ್ತಿದ್ದುದನ್ನು 11ನೇ ಶತಮಾನದಲ್ಲಿ ಪೀಟರ್ ಡೇಮಿಯನ್ ಎಂಬ ಕ್ರೈಸ್ತ ಸನ್ಯಾಸಿ ಅತಿಯಾದ ಭೋಗವೆಂದು ಕಟುವಾಗಿ ಖಂಡಿಸಿದ. 1530ರಲ್ಲಿ ಮಕ್ಕಳ ನಡವಳಿಕೆಯ ಬಗ್ಗೆ ಬರೆದ ಡಚ್ ವಿದ್ವಾಂಸ ಎರಾಸ್ಮಸ್, ಮಾಂಸವನ್ನು ಇಡೀ ಕೈಯಿಂದ ಬಾಚದೆ ಮೂರು ಬೆರಳುಗಳಿಂದ ತೆಗೆದುಕೊಳ್ಳಬೇಕೆಂಬ ಶಿಸ್ತನ್ನು ಕಲಿಸುತ್ತಿದ್ದ. ಅಂದರೆ ಆ ಹೊತ್ತಿನಲ್ಲೂ ಒಳ್ಳೆಯ ಮನೆತನದ ಯುರೋಪಿಯನ್ ಮಗು ಕೈಯಲ್ಲೇ ಉಣ್ಣುತ್ತಿತ್ತು, ಮತ್ತು ಹೇಗೆ ಉಣ್ಣಬೇಕು ಎಂಬುದಕ್ಕೆ ನಮ್ಮಲ್ಲಿರುವಂತೆಯೇ ಅಲ್ಲಿಯೂ ನೇಮವಿತ್ತು.

1608ರಲ್ಲಿ ಇಟಲಿಯನ್ನು ಸುತ್ತಿದ ಥಾಮಸ್ ಕೊರಿಯಟ್ ಎಂಬ ಇಂಗ್ಲಿಷ್ ಪ್ರವಾಸಿ 1611ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ ಫೋರ್ಕನ್ನು ಒಂದು ವಿಸ್ಮಯವೆಂಬಂತೆ ವರ್ಣಿಸುತ್ತಾನೆ. ಇಟಲಿಯವರು ಒಂದು ಕೈಯ ಚಾಕುವಿನಿಂದ ಮಾಂಸವನ್ನು ಕತ್ತರಿಸುವಾಗ ಇನ್ನೊಂದು ಕೈಯ ಫೋರ್ಕಿನಿಂದ ಅದನ್ನು ಒತ್ತಿಹಿಡಿಯುತ್ತಾರೆ. ಎಲ್ಲರೂ ಹಂಚಿಕೊಳ್ಳುವ ಪಾತ್ರೆಗೆ ಯಾರಾದರೂ ಬೆರಳು ಹಾಕಿದರೆ ಉಳಿದವರು ಮುಖ ಕೆಡಿಸಿಕೊಳ್ಳುತ್ತಾರೆ, ಏಕೆಂದರೆ ಎಲ್ಲರ ಬೆರಳುಗಳೂ ಸಮಾನವಾಗಿ ಶುಚಿಯಾಗಿರುವುದಿಲ್ಲ ಎಂಬುದು ಅವರ ವಾದ. ಈ ವಿವರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ತುತ್ತನ್ನು ಯಾವ ಕೈಯಿಂದ ಎತ್ತಬೇಕು ಎಂಬುದರ ಸುದ್ದಿಯೇ ಅದರಲ್ಲಿಲ್ಲ. ಎರಡೇ ಕಾಳಜಿಗಳು ಅದರಲ್ಲಿವೆ: ಕತ್ತರಿಸುವಾಗ ತಿನಿಸು ಅಲುಗಬಾರದು, ಹಂಚಿಕೊಳ್ಳುವ ಪಾತ್ರೆಯನ್ನು ಎಂಜಲು ಮಾಡಬಾರದು. ಎರಡನೆಯದನ್ನಂತೂ ಯಾವ ಕನ್ನಡದ ಮನೆಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಲಗೈಯಲ್ಲಿ ಉಣ್ಣುತ್ತಿರುವಾಗ ನೀರಿನ ಲೋಟವನ್ನೂ ಸಾರಿನ ಸೌಟನ್ನೂ ಎಡಗೈಯಿಂದ ಎತ್ತಿಕೊಳ್ಳುವ ನಮ್ಮ ರೂಢಿಯ ಹಿಂದೆ ಇರುವುದು ಇದೇ ಎಚ್ಚರ.

ಫೋರ್ಕ್ ಅನಿವಾರ್ಯವಾದದ್ದಕ್ಕೆ ಚಾಕುವಿನ ಆಕಾರ ಬದಲಾದದ್ದೂ ಒಂದು ಕಾರಣ. ಹಿಂದೆ ಮೊನಚು ಚಾಕುವಿನಿಂದಲೇ ಮಾಂಸವನ್ನು ಚುಚ್ಚಿ ಬಾಯಿಗೆ ಒಯ್ಯುತ್ತಿದ್ದರು. 1669ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಊಟದ ಮೇಜಿನಲ್ಲೂ ಬೀದಿಯಲ್ಲೂ ಮೊನಚು ಚಾಕುಗಳನ್ನು ನಿಷೇಧಿಸಿದ. ತುದಿ ಮೊಂಡಾದ ಚಾಕು ಕತ್ತರಿಸಬಲ್ಲದೇ ಹೊರತು ಚುಚ್ಚಲಾರದು. ಚುಚ್ಚುವ ಕೆಲಸ ಫೋರ್ಕಿಗೆ ವರ್ಗವಾಯಿತು. ಎರಡೇ ಮುಳ್ಳಿದ್ದ ಫೋರ್ಕಿಗೆ ಕ್ರಮೇಣ ಮೂರು, ನಾಲ್ಕು ಮುಳ್ಳುಗಳು ಬಂದವು, ಸಣ್ಣ ಚೂರುಗಳನ್ನು ತುಂಬಿಕೊಳ್ಳಲು ಅನುಕೂಲವಾಗುವಂತೆ ಅದು ಬಾಗಿತು.

ಅಮೆರಿಕದ ಪದ್ಧತಿ ಬೇರೆಯಾದದ್ದಕ್ಕೆ ಎರಡು ವಿವರಣೆಗಳಿವೆ. ಪುರಾತತ್ವಜ್ಞ ಜೇಮ್ಸ್ ಡೀಟ್ಜ್ ಅವರ ಪ್ರಕಾರ ಮೊಂಡು ಚಾಕು ಅಮೆರಿಕದ ವಸಾಹತುಗಳನ್ನು ತಲುಪಿದಾಗ ಫೋರ್ಕ್ ಇನ್ನೂ ಅಲ್ಲಿ ಬಳಕೆಗೆ ಬಂದಿರಲಿಲ್ಲ. ಜನ ಎಡಗೈಯ ಚಮಚದಿಂದ ಮಾಂಸವನ್ನು ಒತ್ತಿಹಿಡಿದು ಕತ್ತರಿಸಿ, ಆಮೇಲೆ ಚಮಚವನ್ನು ಬಲಗೈಗೆ ತಂದು ತಿಂದರು, ಫೋರ್ಕ್ ಬಂದ ಮೇಲೂ ಆ ಅಭ್ಯಾಸ ಉಳಿಯಿತು. ಇನ್ನೊಂದು ವಾದದ ಪ್ರಕಾರ ಯುರೋಪಿನ ಮೇಲ್ವರ್ಗದವರೇ ಒಂದು ಕಾಲದಲ್ಲಿ ಹೀಗೆ ಕೈ ಬದಲಿಸುತ್ತಿದ್ದರು. 19ನೇ ಶತಮಾನದ ನಡುವೆ ಅವರು ಅದನ್ನು ಬಿಟ್ಟರು, ಅಮೆರಿಕನ್ನರು ಬಿಡಲಿಲ್ಲ. ಯಾವುದನ್ನು ಒಪ್ಪಿದರೂ ಎಡಗೈಯ ನಿಯಮ ಸನಾತನವಾದದ್ದಲ್ಲ ಎಂಬುದು ಸ್ಪಷ್ಟ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಹಿಡಿತದಲ್ಲಿದ್ದ ಯುರೋಪಿಗೆ ಗುಟ್ಟಾಗಿ ಹೋಗುತ್ತಿದ್ದ ಅಮೆರಿಕದ ಏಜೆಂಟರಿಗೆ ಕೈ ಬದಲಿಸದೆ ತಿನ್ನುವುದನ್ನು ಕಲಿಸಬೇಕಾಯಿತು. ಹೋಟೆಲಿನಲ್ಲಿ ಫೋರ್ಕ್ ಬಲಗೈಗೆ ಬಂದರೆ ಸಾಕು, ತಿನ್ನುತ್ತಿರುವವನು ಎಲ್ಲಿಯವನೆಂದು ತಿಳಿದುಬಿಡುತ್ತಿತ್ತು.

ಕಾರಣ ಹೋದರೂ ನಿಯಮ ಉಳಿಯುತ್ತದೆ ಎಂಬುದಕ್ಕೆ ಮೀನಿನ ಚಾಕುವಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಹಿಂದಿನ ಉಕ್ಕಿನ ಚಾಕುಗಳು ಮೀನಿನ ಮೇಲೆ ಹಿಂಡಿದ ನಿಂಬೆರಸ ತಗುಲಿ ಕಪ್ಪಾಗುತ್ತಿದ್ದವು, ಮೀನಿನ ರುಚಿಯನ್ನೂ ಕೆಡಿಸುತ್ತಿದ್ದವು. ಅದಕ್ಕಾಗಿ ಬೆಳ್ಳಿಯ ಪ್ರತ್ಯೇಕ ಚಾಕು ಬಂತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಸುಮಾರು ಶೇ 13ರಷ್ಟು ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಅಲ್ಲಿಗೆ ಮೀನಿನ ಚಾಕುವಿನ ಅಗತ್ಯ ಮುಗಿಯಿತು. ಆದರೂ ದೊಡ್ಡ ಹೋಟೆಲುಗಳಲ್ಲಿ ಅದನ್ನು ಇಂದಿಗೂ ಜೋಡಿಸಿಡುತ್ತಾರೆ, ಅದನ್ನು ಗುರುತಿಸಲಾರದ ಅತಿಥಿ ತನ್ನನ್ನೇ ಕೀಳೆಂದು ಭಾವಿಸಿಕೊಳ್ಳುತ್ತಾನೆ. ಇದು ಅನ್ಯಾಯ. ಮೇಜಿನ ಮೇಲಿರುವುದನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಎತ್ತಿಕೊಳ್ಳುತ್ತ ಹೋದರೆ ಸಾಕು. ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅನ್ಯಾಯ ಇದಕ್ಕಿಂತ ದೊಡ್ಡದಾಗುವುದೂ ಉಂಟು. ಫಿಲಿಪ್ಪೀನ್ಸ್, ಥಾಯ್ಲೆಂಡ್‌ಗಳಲ್ಲಿ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು, ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ನೂಕಿಕೊಂಡು ತಿನ್ನುವುದು ವಾಡಿಕೆ. ಅನ್ನ ಉಣ್ಣುವವರಿಗೆ ಅದು ಅತ್ಯಂತ ಸಮಂಜಸವಾದ ಕ್ರಮ. 2006ರಲ್ಲಿ ಕೆನಡಾದ ಮಾಂಟ್ರಿಯಲ್ ಪ್ರದೇಶದ ಶಾಲೆಯೊಂದರಲ್ಲಿ ಹೀಗೆ ತಿನ್ನುತ್ತಿದ್ದ ಫಿಲಿಪ್ಪೀನ್ಸ್ ಮೂಲದ ಏಳು ವರ್ಷದ ಬಾಲಕನನ್ನು ಗದರಿಸಿದ್ದು ದೊಡ್ಡ ವಿವಾದವಾಯಿತು. ಪ್ರಕರಣ ಕ್ವಿಬೆಕ್ ಪ್ರಾಂತ್ಯದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋಗಿ, 2010ರಲ್ಲಿ ಕುಟುಂಬದ ಪರವಾಗಿ ತೀರ್ಪು ಬಂತು. ಹೊರದೇಶದಲ್ಲಿ ಮಕ್ಕಳ ಡಬ್ಬಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿ ಕಳಿಸುವ ಕನ್ನಡದ ತಾಯ್ತಂದೆಯರು ಈ ತೀರ್ಪನ್ನು ನೆನಪಿಟ್ಟುಕೊಳ್ಳಬೇಕು. ಮಗು ಚಮಚದಲ್ಲಿ ತಿಂದರೂ ಕೈಯಲ್ಲಿ ತಿಂದರೂ ಶುಚಿಯಾಗಿ, ಚೆಲ್ಲದಂತೆ ತಿನ್ನುತ್ತಿದ್ದರೆ ಅದನ್ನು ನಾಚಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಯಾವ ನಿಯಮವೂ ಬೇಡವೇ? ಪಕ್ಕದವರಿಗೆ ಅಥವಾ ಬಡಿಸುವವರಿಗೆ ಅನುಕೂಲ ಮಾಡಿಕೊಡುವ ನಿಯಮಗಳು ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಕುವನ್ನು ಕೆಳಗಿಟ್ಟಾಗ ಅದರ ಅಲಗು ನಿಮ್ಮ ಕಡೆಗಿರಬೇಕು, ಪಕ್ಕದವರ ಕಡೆಗಲ್ಲ. ಮಾತಿನ ಭರದಲ್ಲಿ ಫೋರ್ಕನ್ನು ಎದುರಿನವರತ್ತ ಆಡಿಸಬಾರದು. ಚಾಕುವನ್ನು ಬಾಯಿಗೆ ತಾಗಿಸಬಾರದು. ಒಮ್ಮೆ ಬಳಸಿದ ಚಮಚವನ್ನಾಗಲಿ ಫೋರ್ಕನ್ನಾಗಲಿ ಮತ್ತೆ ಮೇಜಿನ ಬಟ್ಟೆಯ ಮೇಲಿಡದೆ ತಟ್ಟೆಯಲ್ಲೇ ಇಡಬೇಕು, ಏಕೆಂದರೆ ಕಲೆ ತೊಳೆಯುವವರು ಇನ್ನೊಬ್ಬರು. ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಫೋರ್ಕ್ ಮತ್ತು ಚಾಕುಗಳನ್ನು ತಟ್ಟೆಯಲ್ಲಿ ಇಡುವ ರೀತಿ. ಎರಡರ ತುದಿಗಳನ್ನು ತಟ್ಟೆಯ ನಡುವೆ ಹತ್ತಿರ ತಂದು ಹಿಡಿಗಳನ್ನು ಎಡಬಲಕ್ಕೆ ಅಗಲಿಸಿಟ್ಟರೆ ಊಟ ಇನ್ನೂ ಮುಗಿದಿಲ್ಲವೆಂದೂ, ಎರಡನ್ನೂ ಅಕ್ಕಪಕ್ಕ ಸಮಾನಾಂತರವಾಗಿ ಇಟ್ಟರೆ ತಟ್ಟೆಯನ್ನು ಒಯ್ಯಬಹುದೆಂದೂ ಅರ್ಥ. ಬಾಳೆ ಎಲೆಯನ್ನು ಮಡಚಿದಾಗ ಊಟ ಮುಗಿಯಿತೆಂದು ಬಡಿಸುವವರಿಗೆ ತಿಳಿಯುವಂತೆ ಇದೂ ಮಾತಿಲ್ಲದೆ ಕೆಲಸ ಮಾಡುತ್ತದೆ. ಈ ಒಂದನ್ನು ಸರಿಯಾಗಿ ಕಲಿತವರ ತಟ್ಟೆಯನ್ನು ಅರ್ಧ ಊಟದಲ್ಲಿ ಯಾರೂ ಎತ್ತಿಕೊಂಡು ಹೋಗುವುದಿಲ್ಲ.

ಎಡಚರು ಫೋರ್ಕ್ ಮತ್ತು ಚಾಕುಗಳನ್ನು ಸದ್ದಿಲ್ಲದೆ ಅದಲುಬದಲು ಮಾಡಿಕೊಳ್ಳಬಹುದು. ಕೈಯಲ್ಲಿ ತಿನ್ನಬೇಕಾದ ತಿನಿಸು ಬಂದರೆ ಕೈಯಲ್ಲೇ ತಿನ್ನಬೇಕು: ಜೋಳದ ರೊಟ್ಟಿಯನ್ನು ಚಾಕುವಿನಿಂದ ಕತ್ತರಿಸುವುದು, ಮುದ್ದೆಯನ್ನು ಫೋರ್ಕಿನಿಂದ ಚುಚ್ಚುವುದು ಆ ಊಟಕ್ಕೇ ಒಗ್ಗದ ಕೆಲಸ. ಹೊರಗಿನಿಂದ ಏನನ್ನು ತರಬೇಕು, ಏನನ್ನು ಬಿಡಬೇಕು ಎಂಬ ವಿವೇಕಕ್ಕೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಒಳ್ಳೆಯ ಸಾಕ್ಷಿ. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು, ಪಾತ್ರೆ, ಚಮಚಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಏರ್ಪಾಟು ಮಾಡಿದರು. ಅಲ್ಲಿಂದ ತಂದದ್ದು ಶುಚಿತ್ವವನ್ನು. ದೋಸೆಯನ್ನು ಮುರಿದು ತಿನ್ನುವ ಕೈಗೆ ಅವರು ಫೋರ್ಕ್ ಕೊಡಲಿಲ್ಲ.

ಇನ್ನು ಗ್ಯಾಜೆಟ್‌ಗಳ ವಿಚಾರ. 2013ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹ್ಯಾಪಿಫೋರ್ಕ್ ಎಂಬ ಫೋರ್ಕ್ ಸುದ್ದಿ ಮಾಡಿತು. ತುತ್ತಿನಿಂದ ತುತ್ತಿಗೆ ಇರುವ ಅಂತರವನ್ನು ಅದು ಅಳೆಯುತ್ತದೆ, ಬೇಗಬೇಗನೆ ತಿಂದರೆ ಕೈಯಲ್ಲೇ ಕಂಪಿಸಿ ಎಚ್ಚರಿಸುತ್ತದೆ. ಅಗಿದು ನಿಧಾನವಾಗಿ ತಿನ್ನಲು ಯಂತ್ರದ ನೆರವು ಬೇಕಾದವರು ಬಳಸಲಿ, ನನಗೆ ಅದು ಅಗತ್ಯವಾದ ವಸ್ತುವೆನಿಸಲಿಲ್ಲ. 2024ರಲ್ಲಿ ಜಪಾನಿನ ಕಿರಿನ್ ಕಂಪನಿ ಮಾರುಕಟ್ಟೆಗೆ ತಂದ ವಿದ್ಯುತ್ ಚಮಚದ ಮಾತು ಬೇರೆ. ಮೇಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೋಮೆಯ್ ಮಿಯಾಶಿತಾ ಅವರ ಸಂಶೋಧನೆಯನ್ನು ಆಧರಿಸಿದ, ಆಗ 19,800 ಯೆನ್ ಬೆಲೆಯಿದ್ದ ಈ ಚಮಚ ಬಹಳ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹರಿಸಿ, ಆಹಾರದಲ್ಲಿರುವ ಸೋಡಿಯಂ ಅಯಾನುಗಳನ್ನು (ಉಪ್ಪಿನ ರುಚಿ ಕೊಡುವ, ವಿದ್ಯುದಾವೇಶವಿರುವ ಕಣಗಳನ್ನು) ನಾಲಗೆಯ ಬಳಿಗೆ ಸೆಳೆದು ಉಪ್ಪಿನ ರುಚಿಯನ್ನು ಹೆಚ್ಚಿಸುತ್ತದೆ ಎಂಬುದು ಕಂಪನಿಯ ವಿವರಣೆ. ವೈದ್ಯರ ಸಲಹೆಯಂತೆ ಸಪ್ಪೆ ಊಟ ಮಾಡಬೇಕಾದವರಿಗೆ ಇದರ ಆಸೆ ಸಹಜ.

ನನಗೆ ಅತ್ಯಂತ ಗೌರವವಿರುವುದು ಕೈ ನಡುಗುವವರಿಗಾಗಿ ಮಾಡಿದ ಲಿಫ್ಟ್‌ವೇರ್ ಎಂಬ ಚಮಚದ ಹಿಡಿಯ ಮೇಲೆ. ಭಾರತೀಯ ಮೂಲದ ಎಂಜಿನಿಯರ್ ಅನುಪಮ್ ಪಾಠಕ್ ಮತ್ತು ಅವರ ತಂಡ ರೂಪಿಸಿದ, 2014ರಲ್ಲಿ ಗೂಗಲ್ ಕೊಂಡುಕೊಂಡ ಈ ಹಿಡಿಯೊಳಗಿನ ಸಂವೇದಕಗಳು ಕೈಯ ನಡುಕವನ್ನು ಗ್ರಹಿಸುತ್ತವೆ. ಮೋಟರು ಚಮಚವನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಸರಿಸಿ ತುತ್ತು ಚೆಲ್ಲದಂತೆ ನೋಡಿಕೊಳ್ಳುತ್ತದೆ. ಕೈನಡುಕದಿಂದಾಗಿ ನಾಲ್ಕು ಜನರೊಡನೆ ಕೂತು ಉಣ್ಣುವುದನ್ನೇ ಬಿಟ್ಟ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಇಂಥ ಸಾಧನ ಹಿಡಿದವರು ಮೇಜಿನಲ್ಲಿದ್ದಾಗ ಅದನ್ನು ದಿಟ್ಟಿಸದಿರುವುದು, ಬೆಲೆ, ಬ್ಯಾಟರಿಗಳ ವಿಚಾರಣೆಗೆ ಇಳಿಯದಿರುವುದು, ಅವರ ವೇಗಕ್ಕೆ ಹೊಂದಿಕೊಂಡು ತಿನ್ನುವುದು ಹೊಸ ಕಾಲದ ಶಿಷ್ಟಾಚಾರ. ಕಂಪಿಸುವ ಫೋರ್ಕನ್ನಾಗಲಿ ವಿದ್ಯುತ್ ಚಮಚವನ್ನಾಗಲಿ ಔತಣಕ್ಕೆ ಒಯ್ಯುವವರು ಆತಿಥೇಯರಿಗೆ ಮೊದಲೇ ಒಂದು ಮಾತು ತಿಳಿಸಿದರೆ ಒಳ್ಳೆಯದು. ಅದು ಯಾವ ಕೈಯಲ್ಲಿರಬೇಕೆಂದು ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.