ಎಲೆಕ್ಟ್ರಿಕ್ ಬೈಕು ಬರುತ್ತಿರುವಾಗ ಹೊಸ ಪೆಟ್ರೋಲ್ ಬೈಕು ಕೊಳ್ಳಬಹುದೇ?

ಪ್ರಶ್ನೆ: ನನ್ನ ಬೈಕಿಗೆ ಹನ್ನೆರಡು ವರ್ಷವಾಗಿದೆ, ಬದಲಿಸಲೇಬೇಕು. ಮುಂದೆ ಎಲ್ಲವೂ ಎಲೆಕ್ಟ್ರಿಕ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಶೋರೂಮಿಗೆ ಹೋದರೆ ಹೊಸ ಹೊಸ ಪೆಟ್ರೋಲ್ ಮಾದರಿಗಳೇ ಕಾಣುತ್ತವೆ. ಈಗ ಪೆಟ್ರೋಲ್ ಬೈಕು ಕೊಂಡರೆ ನಾಲ್ಕೈದು ವರ್ಷದಲ್ಲಿ ಅದಕ್ಕೆ ಬೆಲೆಯೂ ಬಿಡಿಭಾಗವೂ ಇಲ್ಲದಂತಾಗುವುದೇ?

ಉತ್ತರ: ಸ್ವಲ್ಪ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಬಿಡಿಭಾಗದ ಚಿಂತೆಯನ್ನು ಬಿಡಬಹುದು. ಆದರೆ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಾಹನಗಳು ಕಲೆತುಹೋಗಿವೆ. ಅವನ್ನು ಬಿಡಿಸಿ ನೋಡದೆ ಸರಿಯಾದ ಉತ್ತರ ಸಿಗುವುದಿಲ್ಲ. ನಮ್ಮ ರಸ್ತೆಗಳಿಗೆ ವೇಗವಾಗಿ ಬರುತ್ತಿರುವುದು ಎಲೆಕ್ಟ್ರಿಕ್ ಸ್ಕೂಟರ್. ಎಲೆಕ್ಟ್ರಿಕ್ ಬೈಕು ಇನ್ನೂ ಹೊಸಿಲಲ್ಲಿದೆ.

ಬೆಂಗಳೂರಿನ ಏಥರ್ 2018ರಲ್ಲಿ ತನ್ನ ಮೊದಲ ಸ್ಕೂಟರನ್ನು ರಸ್ತೆಗಿಳಿಸಿತು, ಓಲಾ 2021ರಲ್ಲಿ ಬಂತು, ಟಿವಿಎಸ್ ಮತ್ತು ಬಜಾಜ್ ಕೂಡ ಸ್ಕೂಟರಿನಿಂದಲೇ ಆರಂಭಿಸಿದವು, ಹೋಂಡಾ 2024ರ ನವೆಂಬರಿನಲ್ಲಿ ತನ್ನ ಆಕ್ಟಿವಾಗೆ ಬ್ಯಾಟರಿ ಕೊಟ್ಟಾಗಲೂ ಅದು ಸ್ಕೂಟರೇ ಆಗಿತ್ತು. ಇದು ಆಕಸ್ಮಿಕವಲ್ಲ. ಸ್ಕೂಟರಿನಲ್ಲಿ ಕಾಲಿಡುವ ಹಲಗೆಯ ಕೆಳಗೆ ಬ್ಯಾಟರಿ ಮಲಗಿಸಲು ಜಾಗವಿದೆ, ಅದು ಓಡಾಡುವುದು ಹೆಚ್ಚಾಗಿ ಊರೊಳಗೆ, ಸಂಜೆ ಮನೆಗೆ ಮರಳಿದ ಮೇಲೆ ರಾತ್ರಿಯಿಡೀ ಚಾರ್ಜಿಗೆ ಹಾಕಬಹುದು. 2024-25ರಲ್ಲಿ ದೇಶದಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳಲ್ಲಿ ಎಲೆಕ್ಟ್ರಿಕ್ ಪಾಲು ನೂರಕ್ಕೆ ಆರರ ಆಸುಪಾಸಿನಲ್ಲಿತ್ತು, ಅದರಲ್ಲಿ ಬಹುತೇಕ ಎಲ್ಲವೂ ಸ್ಕೂಟರುಗಳು.

ಬೈಕಿನ ಕಷ್ಟ ತೂಕದ್ದು. ಹತ್ತು ಲೀಟರಿನ ಟ್ಯಾಂಕು, ಲೀಟರಿಗೆ 50 ಕಿ.ಮೀ. ಮೈಲೇಜು ಎಂದರೆ ಒಮ್ಮೆ ತುಂಬಿಸಿದರೆ 500 ಕಿ.ಮೀ. ಓಡುತ್ತದೆ. ಅಷ್ಟೇ ದೂರವನ್ನು ವಿದ್ಯುತ್ತಿನಿಂದ ಓಡಬೇಕಾದರೆ, ಕಿಲೋಮೀಟರಿಗೆ 40 ವ್ಯಾಟ್-ಅವರ್ ಎಂದು ಕೈಬಿಗಿದು ಲೆಕ್ಕ ಹಾಕಿದರೂ 20 ಯೂನಿಟ್ (ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್) ಹಿಡಿಯುವ ಬ್ಯಾಟರಿ ಬೇಕು. ಒಂದು ಕಿಲೋ ಬ್ಯಾಟರಿಯಲ್ಲಿ ಸುಮಾರು 150 ವ್ಯಾಟ್-ಅವರ್ ಹಿಡಿಯುತ್ತದೆ ಎಂದುಕೊಂಡರೆ ಅದರ ತೂಕ 130 ಕಿಲೋ ದಾಟುತ್ತದೆ. ಒಂದು ಇಡೀ ಸ್ಪ್ಲೆಂಡರ್ ಬೈಕಿನ ತೂಕ 112 ಕಿಲೋ! ಬೆಂಗಳೂರಿನದೇ ಆದ ಅಲ್ಟ್ರಾವಯಲೆಟ್ ಕಂಪನಿಯ ಎಫ್77 ಈ ಕಷ್ಟವನ್ನು ಎದುರಿಸಿಯೇ 2022ರಲ್ಲಿ ಬಂದ ಬೈಕು. ದೊಡ್ಡ ಬ್ಯಾಟರಿಯ ಮಾದರಿಯಲ್ಲಿ 10.3 ಯೂನಿಟ್ ಹಿಡಿಯುತ್ತದೆ, ತೂಕ 200 ಕಿಲೋ ಮೀರುತ್ತದೆ. ಅದೊಂದು ಹೆಮ್ಮೆಪಡುವ ಕೆಲಸ ಎಂದೇ ನಾನು ತಿಳಿದಿದ್ದೇನೆ, ಆದರೆ ಬೆಳಗ್ಗೆ ಎದ್ದು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವರ ಕೈಗೆಟಕುವ ಬೆಲೆ ಅದರದಲ್ಲ.

ಹಾಗಾದರೆ ಕಂಪನಿಗಳು ಪೆಟ್ರೋಲ್ ಮಾದರಿಗಳನ್ನು ಇಷ್ಟೊಂದು ಉತ್ಸಾಹದಿಂದ ತರುತ್ತಿರುವುದೇಕೆ? ಮೊದಲ ಕಾರಣ 2020ರ ಏಪ್ರಿಲ್ 1. ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳಲ್ಲಿ ಅಂದು ದೇಶ ಬಿಎಸ್5 ಎಂಬ ಮೆಟ್ಟಿಲನ್ನೇ ಹಾರಿ ಬಿಎಸ್4ರಿಂದ ನೇರವಾಗಿ ಬಿಎಸ್6ಕ್ಕೆ ಬಂತು. ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬೊರೇಟರ್ ಬಹುಮಟ್ಟಿಗೆ ಮರೆಯಾಗಿ, ಸೆನ್ಸರುಗಳ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್ ಬಂತು, ಹಳೆಯ ಎಂಜಿನ್ನುಗಳನ್ನು ಕೈಬಿಡಬೇಕಾಯಿತು ಇಲ್ಲವೇ ಬುಡದಿಂದ ತಿದ್ದಬೇಕಾಯಿತು. ಹಾಗೆ ಹಣ ಸುರಿದು ಕಟ್ಟಿದ ಎಂಜಿನ್ನು ಒಂದೇ ಬೈಕಿಗೆ ಸೀಮಿತವಾದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿಯ 349 ಸಿಸಿ ಎಂಜಿನ್ನನ್ನೇ ನೋಡಿ: 2020ರಲ್ಲಿ ಮೀಟಿಯಾರ್, 2021ರಲ್ಲಿ ಹೊಸ ಕ್ಲಾಸಿಕ್, 2022ರಲ್ಲಿ ಹಂಟರ್, 2023ರಲ್ಲಿ ಹೊಸ ಬುಲೆಟ್, ನಾಲ್ಕರಲ್ಲೂ ಅದೇ ಎಂಜಿನ್ನು. ಬಜಾಜ್ ಮತ್ತು ಟ್ರಯಂಫ್ ಸೇರಿ 2023ರಲ್ಲಿ ತಂದ 398 ಸಿಸಿ ಎಂಜಿನ್ನಿನ ಕಥೆಯೂ ಇದೇ. ಮೊದಲು ಸ್ಪೀಡ್ 400, ಆಮೇಲೆ ಸ್ಕ್ರ್ಯಾಂಬ್ಲರ್, ಹೀಗೆ ಒಂದೇ ಬೇರಿಗೆ ಹಲವು ಕೊಂಬೆಗಳು. ನಿಮಗೆ ಶೋರೂಮಿನಲ್ಲಿ ಹೊಸದಾಗಿ ಕಾಣುವುದರಲ್ಲಿ ಬಹಳಷ್ಟು ಹೀಗೆ ಹುಟ್ಟಿದ್ದು. ಇದರ ಜೊತೆಗೆ ರಫ್ತು ಇದೆ. ಆಫ್ರಿಕಾದ ಹಲವು ದೇಶಗಳಲ್ಲಿ ಬಾಡಿಗೆಗೆ ಓಡುವ ಬೈಕುಗಳಲ್ಲಿ ನಮ್ಮಲ್ಲಿ ತಯಾರಾದವು ಸಾಕಷ್ಟಿವೆ, ಅಲ್ಲಿನ ಗಿರಾಕಿಗೆ ಬೇಕಾಗಿರುವುದು ಪೆಟ್ರೋಲ್ ಬೈಕೇ.

ಈ ಹೊಸ ಮಾದರಿಗಳು ಎಲ್ಲಿ ಬರುತ್ತಿವೆ ಎಂಬುದನ್ನೂ ಗಮನಿಸಬೇಕು. 350, 400, 450 ಸಿಸಿಯಲ್ಲಿ, ದೂರದ ಸವಾರಿಗೆ ಹೇಳಿಮಾಡಿಸಿದ ಜಾಗದಲ್ಲಿ, ಹಿಮಾಲಯನ್ 450ರಂತಹ ಹೊಚ್ಚ ಹೊಸ ಎಂಜಿನ್ನುಗಳು ಬರುತ್ತಿವೆ. ಪೆಟ್ರೋಲಿಗೆ ದೀರ್ಘಾಯುಷ್ಯ ಎಲ್ಲಿದೆ ಎಂದು ಕಂಪನಿಗಳು ನಂಬಿವೆಯೋ ಅಲ್ಲಿಯೇ ದುಡ್ಡು ಹಾಕುತ್ತಿವೆ. ಅದೇ ರಾಯಲ್ ಎನ್‌ಫೀಲ್ಡ್ 2024ರ ನವೆಂಬರಿನಲ್ಲಿ ಮಿಲಾನಿನಲ್ಲಿ ತೋರಿಸಿದ ತನ್ನ ಎಲೆಕ್ಟ್ರಿಕ್ ಫ್ಲೈಯಿಂಗ್ ಫ್ಲೀಯನ್ನು ಊರೊಳಗಿನ ಹಗುರ ಗಾಡಿಯಾಗಿ ರೂಪಿಸಿದೆ, ಹೆದ್ದಾರಿಯ ಬೈಕಾಗಿ ಅಲ್ಲ.

ಸರ್ಕಾರ ಪೆಟ್ರೋಲ್ ಬೈಕನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತದೆಯೇ ಎಂಬ ಭಯಕ್ಕೂ ಮೂಲವೊಂದಿದೆ. 2025ರೊಳಗೆ 150 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳೆಲ್ಲ ಎಲೆಕ್ಟ್ರಿಕ್ ಆಗಬೇಕೆಂಬ ಪ್ರಸ್ತಾವ 2019ರಲ್ಲಿ ನೀತಿ ಆಯೋಗದಿಂದ ಬಂದಿತ್ತು. ಅದು ನಿಯಮವಾಗಲಿಲ್ಲ. ಬದಲಿಗೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಬೈಕುಗಳದ್ದು 40ಕ್ಕೆ ಏರಿತು. ಎಲೆಕ್ಟ್ರಿಕ್ ವಾಹನಗಳದ್ದು 5ರಲ್ಲೇ ಉಳಿದಿದೆ. ಖಾಸಗಿ ಬೈಕಿನ ಆರ್‌ಸಿ 15 ವರ್ಷಕ್ಕೆ ಇರುತ್ತದೆ, ಗಾಡಿ ಚೆನ್ನಾಗಿದ್ದರೆ ಆಮೇಲೂ ಐದೈದು ವರ್ಷಕ್ಕೆ ನವೀಕರಿಸಬಹುದು. ದೆಹಲಿಯ ಸುತ್ತಮುತ್ತ ಹಳೆಯ ವಾಹನಗಳ ಮೇಲಿರುವ ಬಿಗಿಯನ್ನು ಇಡೀ ದೇಶದ ನಿಯಮವೆಂದು ತಿಳಿಯಬೇಕಾಗಿಲ್ಲ.

ಬಿಡಿಭಾಗದ ಮಾತಿಗೆ ಬಂದರೆ, ಕನ್ನಡಿಗರಿಗೆ ದೂರದ ಉದಾಹರಣೆ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಂಪನಿಯೇ ಇಲ್ಲದ ಮೇಲೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ದಶಕಗಟ್ಟಲೆ ಓಡಿದವು, ಇಂದಿಗೂ ಓಡುತ್ತಿವೆ. ಪಿಸ್ಟನ್ನಿನಿಂದ ಹಿಡಿದು ಕೇಬಲಿನವರೆಗೆ ಬೇಕಾದುದನ್ನು ಮಾಡಿಕೊಡುವವರೂ ಹುಡುಕಿಕೊಡುವವರೂ ಇದ್ದೇ ಇದ್ದಾರೆ. ಲಕ್ಷಗಟ್ಟಲೆ ಮಾರಾಟವಾದ ಗಾಡಿಗೆ ಬಿಡಿಭಾಗದ ಬಡತನ ಬರುವುದು ಕಡಿಮೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕಳೆದ ಮಳೆಗಾಲದಲ್ಲಿ ನಮ್ಮ ಭಾವನವರ ಬಿಎಸ್6 ಬೈಕು ಬಾಣಾವರದ ದಾರಿಯಲ್ಲಿ ನಿಂತುಹೋಯಿತು. ಹತ್ತಿರದ ಮೆಕ್ಯಾನಿಕ್ ಸ್ಪಾನರ್ ಮುಟ್ಟುವ ಮೊದಲು ಸೀಟು ತೆಗೆದು, ಅದರಡಿಯ ಪುಟ್ಟ ಸಾಕೆಟ್ಟಿಗೆ ಸ್ಕ್ಯಾನರಿನ ವೈರು ಚುಚ್ಚಿ, ಪರದೆಯ ಮೇಲೆ ಬಂದ ಸಂಖ್ಯೆಯನ್ನು ಓದಿ, "ಕಾರ್ಬೊರೇಟರ್ ಜೆಟ್ ಬಿಚ್ಚಿ ಊದಿದ್ರೆ ಸರಿಹೋಗೋ ಕಾಲ ಮುಗೀತು ಸಾರ್, ಸೆನ್ಸರ್ ಹೋಗಿದೆ" ಎಂದರು. ಸೆನ್ಸರಿಗಾಗಿ ಎರಡು ದಿನ ಕಾಯಬೇಕಾಯಿತು. ಹೊಸ ಪೆಟ್ರೋಲ್ ಬೈಕು ಈಗ ಅರ್ಧ ಎಲೆಕ್ಟ್ರಾನಿಕ್ ಯಂತ್ರ. ಆದುದರಿಂದ ನಿಮ್ಮ ತಾಲೂಕಿನಲ್ಲಿ ಸರ್ವಿಸ್ ಸೆಂಟರ್ ಇಲ್ಲದ ಕಂಪನಿಯ ಬೈಕನ್ನು, ಅದೆಷ್ಟೇ ಚೆಂದವಿದ್ದರೂ, ಕೊಳ್ಳಬೇಡಿ. ಎಲೆಕ್ಟ್ರಿಕ್ ಗಾಡಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಇನ್ನು ಖರ್ಚು. ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದರೆ 50 ಮೈಲೇಜಿನ ಬೈಕಿಗೆ ಕಿಲೋಮೀಟರಿಗೆ ಎರಡು ರೂಪಾಯಿ. ಯೂನಿಟ್ಟಿಗೆ ಏಳು ರೂಪಾಯಿಯಂತೆ ಮನೆಯಲ್ಲಿ ಚಾರ್ಜ್ ಮಾಡಿದರೆ ಎಲೆಕ್ಟ್ರಿಕ್ ಗಾಡಿಗೆ 30 ಪೈಸೆಯೂ ಆಗದು. ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 6,000 ಕಿ.ಮೀ. ಓಡಿಸುವವರಿಗೆ ಹತ್ತು ಸಾವಿರ ರೂಪಾಯಿ ಉಳಿಯುತ್ತದೆ, 60 ಕಿ.ಮೀ. ಓಡಿಸುವವರಿಗೆ ಮೂವತ್ತು ಸಾವಿರ. ಮನೆಯ ಕೆಳಗೆ ಸ್ವಂತ ಪ್ಲಗ್ ಪಾಯಿಂಟ್ ಇದ್ದು, ದಿನವೂ ಅದೇ ದಾರಿಯಲ್ಲಿ ಹೋಗಿಬರುವವರಿಗೆ ಪೆಟ್ರೋಲ್ ಸ್ಕೂಟರ್ ಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮೂರನೆಯ ಮಹಡಿಯ ಬಾಡಿಗೆ ಮನೆಯವರು, ವಾರಕ್ಕೊಮ್ಮೆ 150 ಕಿ.ಮೀ. ದೂರದ ಊರಿಗೆ ಹೋಗಿಬರುವವರು, ತೋಟಕ್ಕೆ ಗೊಬ್ಬರದ ಮೂಟೆ ಹೇರುವವರು ಇವರೆಲ್ಲರ ಉತ್ತರ ಸದ್ಯಕ್ಕೆ ಪೆಟ್ರೋಲ್ ಬೈಕೇ.

ರೀಸೇಲ್ ಬೆಲೆಯ ಬಗ್ಗೆ ನಿಮ್ಮ ಅನುಮಾನದಲ್ಲಿ ಸ್ವಲ್ಪ ಹುರುಳಿದೆ: ನಗರಗಳಲ್ಲಿ ಎಲೆಕ್ಟ್ರಿಕ್ ಹೆಚ್ಚಿದಂತೆ ಪೆಟ್ರೋಲ್ ಸ್ಕೂಟರುಗಳ ಬೆಲೆ ಮೊದಲು ಇಳಿಯಬಹುದು, ಬೈಕುಗಳದ್ದು ನಿಧಾನವಾಗಿ ಇಳಿಯಬಹುದು ಎಂಬುದು ನನ್ನ ಎಣಿಕೆ. ನಿಮ್ಮಂತೆ ಹನ್ನೆರಡು ವರ್ಷ ಒಂದೇ ಬೈಕು ಇಟ್ಟುಕೊಳ್ಳುವವರಿಗೆ ಅದರಿಂದ ಆಗುವ ನಷ್ಟ ಅಲ್ಪ. ಪೆಟ್ರೋಲ್ ಬೈಕೇ ಎಂದು ನಿರ್ಧರಿಸಿದರೆ ಹಳೆಯ ಸ್ಟಾಕಿನ ಅಥವಾ ಸೆಕೆಂಡ್ ಹ್ಯಾಂಡ್ ಗಾಡಿಯ ಆಸೆಗೆ ಬೀಳುವ ಮೊದಲು ತಯಾರಾದ ತಿಂಗಳನ್ನು ಕೇಳಿ ತಿಳಿದುಕೊಳ್ಳಿ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಬೈಕುಗಳ ರಬ್ಬರ್ ಪೈಪು, ಸೀಲುಗಳು ಅದನ್ನು ತಾಳುವಂತೆ ಮಾಡಿದವು, ಅದಕ್ಕೂ ಹಿಂದಿನವುಗಳಲ್ಲಿ ಎಲ್ಲವೂ ಹಾಗಿಲ್ಲ.