ವರ್ಟ್-ಲಾಂಚರ್: ಕಂಟೇನರ್ ಒಳಗೆ ಓಡುವ ವಿಎಂ

ಕಂಟೇನರ್, ಅಂದರೆ ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿಟ್ಟು ಓಡಿಸುವ ಪೊಟ್ಟಣ, ವಠಾರದ ಮನೆ ಇದ್ದ ಹಾಗೆ. ಗೋಡೆ ಬೇರೆ ಬೇರೆ, ಬಾವಿ ಮಾತ್ರ ಒಂದೇ. ಆ ಬಾವಿಯೇ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ವರ್ಚುವಲ್ ಮಷೀನ್ (ವಿಎಂ), ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್, ಸ್ವಂತ ಬಾವಿ ಇರುವ ಒಂಟಿ ಮನೆ. ಹಾಗಾದರೆ ಕಂಟೇನರ್ ಒಳಗೆ ವಿಎಂ ಅಂದರೆ ಏನು? ವಠಾರದ ಕೋಣೆಯಲ್ಲಿ ಬಾವಿ ತೋಡಿದ ಹಾಗಾಯಿತು, ಅಲ್ವಾ?

ಕುಬರ್ನೆಟಿಸ್ ಅಂದರೆ ಹಲವು ಕಂಪ್ಯೂಟರ್‌ಗಳ ಮೇಲೆ ಕಂಟೇನರ್‌ಗಳನ್ನು ನಿಭಾಯಿಸುವ ವ್ಯವಸ್ಥೆ. ಅದರಲ್ಲಿ ವಿಎಂಗಳನ್ನೂ ಓಡಿಸಲು ಬಿಡುವ ಸೇರ್ಪಡೆ ಕುಬೆವರ್ಟ್. ಅದನ್ನು ಹಾಕಿಕೊಂಡವರು ದಿನಾ ಮಾಡುವುದು ಇದನ್ನೇ. ಅಲ್ಲಿ ನೀವು ಒಂದು ವಿಎಂ ಶುರು ಮಾಡಿದರೆ ಅದಕ್ಕಾಗಿಯೇ ಒಂದು ಪಾಡ್, ಅಂದರೆ ಒಂದೋ ಹಲವೋ ಕಂಟೇನರ್‌ಗಳ ಗೂಡು, ಹುಟ್ಟುತ್ತದೆ. ಅದರ ಹೆಸರು 'ವರ್ಟ್-ಲಾಂಚರ್' ಎಂದು ಶುರುವಾಗುತ್ತದೆ. 'ವರ್ಟ್' ಅನ್ನುವುದು ವರ್ಚುವಲೈಸೇಶನ್ನಿನ ಮೊಟಕು ರೂಪ. ಲಾಂಚರ್ ಅಂದರೆ ಶುರು ಮಾಡಿಕೊಡುವವನು. ಒಂದು ವಿಎಂಗೆ ಒಂದು ಪಾಡ್, ಅಷ್ಟೇ ಲೆಕ್ಕ.

ಇದು ಹೇಗೆ ಸಾಧ್ಯ ಅಂದರೆ, ಲಿನಕ್ಸ್‌ನಲ್ಲಿ ವಿಎಂ ಕೂಡ ಒಂದು ಪ್ರಾಸೆಸ್, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ. ವಿಎಂ ಓಡಿಸುವ ಸೌಲಭ್ಯವಾದ ಕೆವಿಎಂ 2007ರಲ್ಲಿ, 2.6.20ನೇ ಆವೃತ್ತಿಯಲ್ಲಿ, ಕರ್ನಲ್ ಒಳಗೆ ಸೇರಿತು. ಅಂದಿನಿಂದ ಹೈಪರ್‌ವೈಸರ್, ಅಂದರೆ ವಿಎಂಗಳ ಮೇಲ್ವಿಚಾರಕ, ಮಾಡುವ ಕೆಲಸವನ್ನು ಕರ್ನಲ್ಲೇ ಮಾಡುತ್ತದೆ. ಡಿಸ್ಕು, ನೆಟ್‌ವರ್ಕ್ ಕಾರ್ಡುಗಳನ್ನು ನಟಿಸಿ ತೋರಿಸುವುದು ಕ್ಯೂಎಮು ಎಂಬ ಪ್ರೋಗ್ರಾಂ. ಪ್ರಾಸೆಸ್ ಅಂದಮೇಲೆ ಅದನ್ನು ಕಂಟೇನರ್‌ನಲ್ಲಿ ಇಡಲು ಅಡ್ಡಿ ಏನಿದೆ? ವರ್ಟ್-ಲಾಂಚರ್ ಪಾಡ್‌ನಲ್ಲಿ 'ಕಂಪ್ಯೂಟ್' ಎಂಬ ಕಂಟೇನರ್ ಇರುತ್ತದೆ. ಅದರೊಳಗೆ ಹೋಗಿ ಪ್ರಾಸೆಸ್ ಪಟ್ಟಿ ನೋಡಿ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಜೊತೆಗೆ ಕ್ಯೂಎಮು ಕಾಣುತ್ತದೆ. ನಿಮ್ಮ ಇಡೀ ವಿಂಡೋಸ್ ಸರ್ವರ್ ಆ ಒಂದು ಸಾಲಿನಲ್ಲಿದೆ.

ಒಂದು ಷರತ್ತು ಇದೆ. ನೋಡ್‌ನ, ಅಂದರೆ ಪಾಡ್ ಓಡುವ ಕಂಪ್ಯೂಟರಿನ, ಕೆವಿಎಂ ಸಾಧನ ಪಾಡ್ ಒಳಗೆ ಕಾಣಬೇಕು. ಕುಬೆವರ್ಟ್ ಅದನ್ನು ತಾನೇ ಒದಗಿಸುತ್ತದೆ, ಆದರೆ ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಆನ್ ಆಗಿರಬೇಕು. ಇಲ್ಲದಿದ್ದರೆ ಪ್ರೊಸೆಸರನ್ನೂ ಸಾಫ್ಟ್‌ವೇರ್‌ನಲ್ಲೇ ನಟಿಸುವ ಎಮ್ಯುಲೇಶನ್ ಆಯ್ಕೆ ಹಾಕಿಕೊಂಡು ಓಡಿಸಬಹುದು. ಕಲಿಯೋದಕ್ಕೆ ಸಾಕು, ಕೆಲಸಕ್ಕೆ ತುಂಬಾ ನಿಧಾನ.

ಹೊಂದಿಸುವಾಗ ಜಾಸ್ತಿ ಜನ ಎಡವುವುದು ಮೆಮೊರಿಯಲ್ಲಿ. ಇಲ್ಲಿ ಲೆಕ್ಕ ಎರಡು. ವಿಎಂ ಒಳಗಿನ ಆಪರೇಟಿಂಗ್ ಸಿಸ್ಟಂಗೆ ಕಾಣುವ ಮೆಮೊರಿ ಒಂದು, ಅದನ್ನು 'ಗೆಸ್ಟ್' ಎಂದು ಬರೆಯುತ್ತಾರೆ. ಪಾಡ್‌ಗೆ ಬೇಕಾದ ಮೆಮೊರಿ ಇನ್ನೊಂದು. ನೀವು ಗೆಸ್ಟ್‌ಗೆ 4 ಜಿಬಿ ಕೊಟ್ಟರೆ ಪಾಡ್ 4 ಜಿಬಿಗಿಂತ ಹೆಚ್ಚು ಕೇಳುತ್ತದೆ. ಕ್ಯೂಎಮು, ಲಿಬ್‌ವರ್ಟ್, ಪೇಜ್ ಟೇಬಲ್, ವಿಡಿಯೊ ಮೆಮೊರಿ, ಎಲ್ಲಕ್ಕೂ ಜಾಗ ಬೇಕಲ್ಲ. ಈ ಹೆಚ್ಚುವರಿಯನ್ನು ಕುಬೆವರ್ಟ್ ಅಂದಾಜು ಮಾಡಿ ತಾನೇ ಸೇರಿಸುತ್ತದೆ. ಹಾಗಾಗಿ ನೇಮ್‌ಸ್ಪೇಸ್‌ನ (ಕುಬರ್ನೆಟಿಸ್‌ನಲ್ಲಿ ನಿಮ್ಮ ಪಾಲಿನ ವಿಭಾಗದ) ಮೆಮೊರಿ ಕೋಟಾ ಸರಿಯಾಗಿ 4 ಜಿಬಿ ಇದ್ದರೆ 4 ಜಿಬಿ ವಿಎಂ ಶುರುವೇ ಆಗುವುದಿಲ್ಲ. ನಾನು ಇದನ್ನು ಮೊದಲ ಸಲ ಕಂಡಾಗ ಇಡೀ ಮಧ್ಯಾಹ್ನ ಡಿಸ್ಕ್ ಇಮೇಜನ್ನೇ ಅನುಮಾನಿಸಿದ್ದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಾಡ್‌ನ ಮೆಮೊರಿ ಮಿತಿ ತೀರಾ ಬಿಗಿಯಾಗಿದ್ದು, ಕ್ಯೂಎಮು ಅದನ್ನು ದಾಟಿದರೆ ಕರ್ನಲ್ ಅದನ್ನು ಸುಮ್ನೆ ಕೊಂದುಬಿಡುತ್ತದೆ. ವಿಎಂಗೆ ಅದು ಕರೆಂಟ್ ಹೋದ ಹಾಗೆ. ಒಳಗಿನ ಲಾಗ್‌ನಲ್ಲಿ ಕಾರಣ ಸಿಗುವುದಿಲ್ಲ. ಅದಕ್ಕೇ ವಿಎಂ ಇದ್ದಕ್ಕಿದ್ದಂತೆ ಬಿದ್ದಾಗ ಮೊದಲು ಪಾಡ್‌ನ ಸ್ಥಿತಿ ನೋಡಿ, ಆಮೇಲೆ ವಿಎಂ ಒಳಗೆ ಹುಡುಕಿ.

ಸಿಪಿಯು ವಿಷಯದಲ್ಲಿ ಕುಬೆವರ್ಟ್ ಸ್ವಲ್ಪ ಉದಾರಿ. ನೀವು ಬೇರೆ ಏನೂ ಹೇಳದಿದ್ದರೆ ಒಂದು ವರ್ಚುವಲ್ ಸಿಪಿಯುಗೆ ಪಾಡ್ ಕೇಳುವುದು ನಿಜವಾದ ಸಿಪಿಯುವಿನ 10ನೇ ಒಂದು ಭಾಗ ಮಾತ್ರ. ಡೇಟಾಬೇಸ್ ಓಡಿಸುವವರು ಇದನ್ನು ಗಮನಿಸಲೇಬೇಕು. ನೋಡ್ ಖಾಲಿ ಇದ್ದಾಗ ಎಲ್ಲ ಚೆನ್ನಾಗಿರುತ್ತದೆ, ತುಂಬಿದಾಗ ತಿಣುಕುತ್ತದೆ.

ಡಿಸ್ಕ್‌ಗೆ ಬರೋಣ. 'ಕಂಟೇನರ್‌ಡಿಸ್ಕ್' ಅಂದರೆ ವಿಎಂನ ಡಿಸ್ಕ್ ಫೈಲನ್ನು ಕಂಟೇನರ್ ಇಮೇಜ್ ಒಳಗೆ ಸುತ್ತಿ ಇಟ್ಟದ್ದು. ಇಮೇಜ್‌ಗಳ ಉಗ್ರಾಣವಾದ ರಿಜಿಸ್ಟ್ರಿಯಿಂದ ಸಲೀಸಾಗಿ ಬರುತ್ತದೆ. ಆದರೆ ಅದರಲ್ಲಿ ಬರೆದದ್ದು ಉಳಿಯುವುದಿಲ್ಲ. ವಿಎಂ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹೊಸ ಸ್ಲೇಟು. ಉಳಿಯಬೇಕಾದ ಡೇಟಾ ಇದ್ದರೆ ಪರ್ಸಿಸ್ಟೆಂಟ್ ವಾಲ್ಯೂಮ್, ಅಂದರೆ ಪಾಡ್ ಹೋದರೂ ಉಳಿಯುವ ಡಿಸ್ಕ್, ಜೋಡಿಸಿ. ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವ ಕೀಲಿ) ಹಾಕಲು, ವಿಎಂ ಮೊದಲು ಶುರುವಾಗುವಾಗ ಅದನ್ನು ಹೊಂದಿಸಿಕೊಡುವ ಕ್ಲೌಡ್-ಇನಿಟ್ ಇದೆ. ಅದನ್ನು ಮರೆತರೆ ಎಷ್ಟೋ ಕ್ಲೌಡ್ ಇಮೇಜ್‌ಗಳಲ್ಲಿ ಲಾಗಿನ್ ಪರದೆಯ ಮುಂದೆ ಕೂತು ನೋಡುವುದೇ ಆಗುತ್ತದೆ.

ನೆಟ್‌ವರ್ಕ್‌ನಲ್ಲಿ ಹೊಸಬರನ್ನು ದಿಗಿಲು ಬೀಳಿಸುವ ಒಂದು ಸಂಗತಿ ಇದೆ. 'ಮಾಸ್ಕರೇಡ್' ಬಗೆಯ ಜೋಡಣೆಯಲ್ಲಿ ಎಲ್ಲ ವಿಎಂಗಳೂ ತಮ್ಮ ವಿಳಾಸ 10.0.2.2 ಎಂದೇ ಹೇಳುತ್ತವೆ. ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಪಾಡ್‌ನ ಒಳಗಷ್ಟೇ ಚಲಾವಣೆಯಲ್ಲಿರುವ ವಿಳಾಸ. ಹೊರಗಿನವರಿಗೆ ಪಾಡ್‌ನ ವಿಳಾಸವೇ ವಿಎಂನ ವಿಳಾಸ.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಕಂಟೇನರ್‌ಗೆ ಬದಲಾಯಿಸಲು ಆಗದ ಹಳೆಯ ಸಾಫ್ಟ್‌ವೇರ್ ಎಲ್ಲ ಕಡೆ ಇದೆ. ಅದಕ್ಕಾಗಿ ಬೇರೆಯೇ ಒಂದು ವಿಎಂ ವ್ಯವಸ್ಥೆ ಸಾಕುವ ಬದಲು ಎರಡನ್ನೂ ಒಂದೇ ಸೂರಿನಡಿ ತರುವುದು ಕುಬೆವರ್ಟ್‌ನ ಆಸೆ. 2023ರ ಜುಲೈನಲ್ಲಿ ಅದರ 1.0 ಆವೃತ್ತಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು ವಿಎಂ ಸಾಫ್ಟ್‌ವೇರ್ ಮಾರುವ ವಿಎಂವೇರನ್ನು ಕೊಂಡ ಮೇಲೆ ಇದರ ಕಡೆ ತಿರುಗಿ ನೋಡಿದವರು ಬಹಳ.

ವರ್ಟ್-ಲಾಂಚರ್ ಏನು ಎಂದು ನನಗೆ ಪೂರ್ತಿ ಮನದಟ್ಟಾದದ್ದು ಲೈವ್ ಮೈಗ್ರೇಶನ್ ನೋಡಿದಾಗ. ಓಡುತ್ತಿರುವ ವಿಎಂ ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ಪಾಡ್ ಹೋಗುವುದಿಲ್ಲ. ಆ ಕಡೆ ಹೊಸ ವರ್ಟ್-ಲಾಂಚರ್ ಪಾಡ್ ಹುಟ್ಟುತ್ತದೆ, ಮೆಮೊರಿ ಅಲ್ಲಿಗೆ ನಕಲಾಗುತ್ತದೆ, ಹಳೆಯ ಪಾಡ್ ಕೆಲಸ ಮುಗಿಸಿ ಮಲಗುತ್ತದೆ. ಡಿಸ್ಕನ್ನು ಎರಡೂ ನೋಡ್‌ಗಳು ಒಟ್ಟಿಗೆ ತೆರೆಯುವಂತಿರಬೇಕು, ಅಷ್ಟೇ. ಪಾಡ್ ಹೆಸರು ಬದಲಾಗಿದೆ, ವಿಳಾಸವೂ ಬದಲಾಗಿದೆ. ವಿಎಂ ಒಳಗೆ ಹೋಗಿ ಎಷ್ಟು ಹೊತ್ತಿನಿಂದ ಓಡುತ್ತಿದ್ದೀಯ ಎಂದು ಕೇಳಿದರೆ, ಹಳೆಯ ಲೆಕ್ಕವನ್ನೇ ಮುಂದುವರಿಸಿ ಹೇಳುತ್ತದೆ.